ದಣಿವು ಯಾರ ಲೆಕ್ಕಕ್ಕೆ?

ಯಾತ್ರೆ ಮುಗಿಸಿ ಬಂದವರನ್ನು ನಮ್ಮ ಕಡೆ ಎರಡು ಪ್ರಶ್ನೆ ಕೇಳುವ ರೂಢಿಯಿದೆ. ದರ್ಶನ ಚೆನ್ನಾಗಿ ಆಯಿತೇ ಎನ್ನುವುದು ಮೊದಲನೆಯದು. ದಾರಿಯಲ್ಲಿ ಬಹಳ ಕಷ್ಟವಾಯಿತೇ ಎನ್ನುವುದು ಎರಡನೆಯದು. ಮೊದಲನೆಯದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಸಾಲಿನದು, ಕೆಲವೊಮ್ಮೆ ಬರೀ ಜೋಡಿಸಿದ ಕೈ. ಎರಡನೆಯದಕ್ಕೆ ಮಾತ್ರ ಒಂದು ಸಂಜೆ ಸಾಲುವುದಿಲ್ಲ. ರದ್ದಾದ ವಿಮಾನ, ಕೆಟ್ಟು ನಿಂತ ಬಸ್ಸು, ಬೆಳಗಿನ ಜಾವದ ಚಳಿ, ಸೇರದ ಊಟ, ಊದಿದ ಕಾಲು. ಹೇಳುವವರಿಗೆ ಹುರುಪು, ಕೇಳುವವರಿಗೆ ಭಕ್ತಿ. ಸಲೀಸಾಗಿ ಹೋಗಿಬಂದೆ ಎಂದವರ ಯಾತ್ರೆಯ ಬಗ್ಗೆ ನಮಗೆ ಒಳಗೊಳಗೇ ಸಣ್ಣ ಅನುಮಾನ. ಕಷ್ಟಪಡದೆ ಸಿಕ್ಕಿದ್ದು ಪುಣ್ಯ ಹೇಗಾದೀತು?

ಈ ಅನುಮಾನದ ಹಿಂದೆ ಒಂದು ಲೆಕ್ಕಾಚಾರವಿದೆ. ದಣಿವು ಕೊಟ್ಟ ಬೆಲೆ, ಪುಣ್ಯ ಕೊಂಡ ವಸ್ತು. ಬೆಲೆ ಹೆಚ್ಚಿದಷ್ಟೂ ವಸ್ತು ಒಳ್ಳೆಯದು. ಈ ಲೆಕ್ಕ ಸರಿಯೇ ಎಂಬುದು ನನ್ನ ಪ್ರಶ್ನೆ. ದಣಿವಿಗೆ ತನ್ನಷ್ಟಕ್ಕೆ ನೈತಿಕ ಬೆಲೆ ಇದೆಯೇ? ಇದ್ದರೆ, ಒಂದೇ ದಾರಿಯಲ್ಲಿ ದಣಿದ ಎಲ್ಲರಿಗೂ ಅದು ಯಾಕೆ ಸಿಗುವುದಿಲ್ಲ?

ಇದನ್ನು ಯೋಚಿಸಲು ಕೈಲಾಸ ಮಾನಸ ಸರೋವರದ ದಾರಿಗಿಂತ ತಕ್ಕ ಉದಾಹರಣೆ ನನಗೆ ಕಂಡಿಲ್ಲ. 6,638 ಮೀಟರಿನ ಆ ಪರ್ವತ ಇರುವುದು ಟಿಬೆಟ್ಟಿನಲ್ಲಿ. ಹಿಂದೂಗಳಿಗೆ ಅದು ಶಿವನ ನೆಲೆ. ಜೈನರಿಗೆ ಆದಿನಾಥ ಮುಕ್ತಿ ಪಡೆದ ಜಾಗ, ಪಂಪನ ‘ಆದಿಪುರಾಣ’ ಓದಿದವರಿಗೆ ಇದು ಹೊಸತಲ್ಲ. ಬೌದ್ಧರಿಗೂ, ಟಿಬೆಟ್ಟಿನ ಬೊನ್ ಧರ್ಮದವರಿಗೂ ಅದು ಪವಿತ್ರ. ಬೊನ್ ಧರ್ಮದವರು ಉಳಿದವರಿಗೆ ಎದುರಾಗಿ, ಎಡದಿಂದ ಸುತ್ತುತ್ತಾರೆ. ಕರ್ನಾಟಕದ ಮುಜರಾಯಿ ಇಲಾಖೆ ಅಲ್ಲಿಗೆ ಹೋಗಿಬಂದವರಿಗೆ ಸಹಾಯಧನ ಕೊಡುತ್ತದೆ. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಆ ಯಾತ್ರೆ ಮಾಡಿದ ಒಬ್ಬರಾದರೂ ನಿವೃತ್ತ ಮೇಷ್ಟ್ರೋ ಬ್ಯಾಂಕ್ ಅಧಿಕಾರಿಯೋ ಸಿಗುತ್ತಾರೆ.

ಆದರೆ ನಾನು ಹೇಳಹೊರಟಿರುವುದು ಪರ್ವತದ ಸುತ್ತಿನ 52 ಕಿಲೋಮೀಟರ್ ಪರಿಕ್ರಮದ ಬಗ್ಗೆ ಅಲ್ಲ, ಅದು ಶುರುವಾಗುವುದಕ್ಕಿಂತ ಮುಂಚಿನ ದಾರಿಯ ಬಗ್ಗೆ. ಪರಿಕ್ರಮದಲ್ಲಿ ಪಟ್ಟ ಕಷ್ಟಕ್ಕೆ ಶಾಸ್ತ್ರದ ಬೆಂಬಲವಿದೆ, ಅದರ ಒಂದೊಂದು ಹೆಜ್ಜೆಗೂ ಫಲ ಹೇಳಲಾಗಿದೆ. ಪಾಸ್‌ಪೋರ್ಟ್ ಹಿಡಿದು ಸಾಲಿನಲ್ಲಿ ನಿಂತಿದ್ದಕ್ಕೆ, ಬಸ್ಸಿನಲ್ಲಿ ವಾಂತಿ ಮಾಡಿಕೊಂಡಿದ್ದಕ್ಕೆ ಯಾವ ಪುರಾಣವೂ ಫಲ ಹೇಳಿಲ್ಲ. ದಣಿವು ಅಲ್ಲಿ ಬರೀ ದಣಿವು. ಅದರ ಬಗ್ಗೆ ಯೋಚಿಸಲು ಅದೇ ಸರಿಯಾದ ಜಾಗ.

ಭಾರತ ಸರ್ಕಾರದ ಮೂಲಕ ಹೋಗುವವರ ದಾರಿ ಹೀಗಿದೆ. 2020ರಿಂದ ಐದು ವರ್ಷ ನಿಂತಿದ್ದ ಯಾತ್ರೆ 2025ರಲ್ಲಿ ಮತ್ತೆ ಶುರುವಾದಾಗ ಒಟ್ಟು 750 ಜನರಿಗೆ ಅವಕಾಶವಿತ್ತು. 50 ಜನರ 5 ತಂಡ ಉತ್ತರಾಖಂಡದ ಲಿಪುಲೇಖದಿಂದ, 10 ತಂಡ ಸಿಕ್ಕಿಮಿನ ನಾಥು ಲಾದಿಂದ. ಯಾರು ಹೋಗಬೇಕೆಂದು ಕಂಪ್ಯೂಟರ್ ಚೀಟಿ ಎತ್ತುತ್ತದೆ. ವಯಸ್ಸು 18ರಿಂದ 70ರೊಳಗೆ ಇರಬೇಕು. ದೆಹಲಿಯಲ್ಲಿ ವೈದ್ಯಕೀಯ ತಪಾಸಣೆ. ಗಡಿಯಾಚೆ ಸತ್ತರೆ ಅಲ್ಲಿಯೇ ದಹನ ಮಾಡಲು ಒಪ್ಪಿಗೆ ಇದೆ ಎಂಬ ಪತ್ರಕ್ಕೂ ಸಹಿ ಹಾಕಬೇಕು. ಇಷ್ಟೆಲ್ಲ ಆಗಿ, ಲಿಪುಲೇಖದ ದಾರಿಯಲ್ಲಿ ಗುಂಜಿ ಎಂಬಲ್ಲಿಗೆ ಬಂದಾಗ ಮತ್ತೊಂದು ತಪಾಸಣೆ. ಅಲ್ಲಿ ರಕ್ತದೊತ್ತಡ ಹೆಚ್ಚು ತೋರಿಸಿ ಇಳಿಯದೆ ಹೋದರೆ ಯಾತ್ರೆ ಅಲ್ಲಿಗೆ ಮುಗಿಯಿತು. ತಂಡ ಮೇಲಕ್ಕೆ, ಅವರು ಕೆಳಕ್ಕೆ.

ಚೀಟಿಯಲ್ಲಿ ಹೆಸರು ಬರದವರು ಖಾಸಗಿ ಏಜೆನ್ಸಿಗಳ ಮೂಲಕ ನೇಪಾಳದಿಂದ ಹೋಗುತ್ತಾರೆ. ಕಠ್ಮಂಡುವಿನಿಂದ ರಸುವಾಗಢಿ ಗಡಿ ದಾಟಿ ಕೆರುಂಗ್, ಅಲ್ಲಿಂದ ಸಾಗಾ, ಅಲ್ಲಿಂದ ಸರೋವರ. ಕೆರುಂಗ್ ಇರುವುದು ಸುಮಾರು 2,800 ಮೀಟರ್ ಎತ್ತರದಲ್ಲಿ, ಸಾಗಾ ಸುಮಾರು 4,500 ಮೀಟರಿನಲ್ಲಿ. ಬಸ್ಸು ಈ ಅಂತರವನ್ನು ಒಂದೇ ಹಗಲಿನಲ್ಲಿ ದಾಟಿಸುತ್ತದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು ಎನ್ನುವುದು ಪರ್ವತ ವೈದ್ಯರ ಸಾಮಾನ್ಯ ಸಲಹೆ. ಸಾಗಾದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದಕ್ಕಿಂತ ಶೇ. 40ರಷ್ಟು ಕಡಿಮೆ. ತಲೆ ಸಿಡಿಯುತ್ತದೆ, ಅನ್ನ ಸೇರುವುದಿಲ್ಲ, ರಾತ್ರಿ ಉಸಿರು ನಿಂತು ನಿಂತು ಬರುತ್ತದೆ. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಕೆಳಗಿಳಿಯದೆ ಬೇರೆ ದಾರಿಯಿಲ್ಲ.

ಹಿಂದೆ ವಾರಗಟ್ಟಲೆ ನಡೆದು ಹೋಗುತ್ತಿದ್ದವರಿಗೆ ಆ ನಿಧಾನವೇ ಔಷಧಿಯಾಗಿತ್ತು. ಕಾಲು ದಣಿಯುವಷ್ಟರಲ್ಲಿ ರಕ್ತ ಎತ್ತರಕ್ಕೆ ಒಗ್ಗಿಕೊಳ್ಳುತ್ತಿತ್ತು. ರಸ್ತೆ ಬಂದು ಕಾಲಿನ ದಣಿವನ್ನು ತೆಗೆದುಹಾಕಿತು ಎಂದು ನಾವು ಅಂದುಕೊಂಡೆವು. ಅದು ಹೋಗಿರಲಿಲ್ಲ, ಕಾಲಿನಿಂದ ಶ್ವಾಸಕೋಶಕ್ಕೆ ಏರಿತ್ತು. ದಣಿವು ಅಷ್ಟು ಸುಲಭವಾಗಿ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ. ಒಂದೇ ಮೈಯೊಳಗೆ ಒಂದು ಅಂಗದಿಂದ ಇನ್ನೊಂದಕ್ಕೆ ಹೋಗುತ್ತದೆ. ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೂ ಹೋಗುತ್ತದೆ.

ನಮ್ಮ ದೊಡ್ಡಮ್ಮ 2019ರಲ್ಲಿ ಈ ದಾರಿಯಲ್ಲಿ ಹೋದರು. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರಾಗಿ ನಿವೃತ್ತರಾದವರು, ಆಗ 63 ವರ್ಷ. ಪಿಂಚಣಿ ಹಣ ಕೂಡಿಟ್ಟು, ಆರು ತಿಂಗಳು ದಿನಾ ಬೆಳಿಗ್ಗೆ ಕೆರೆ ಏರಿಯ ಮೇಲೆ ನಡೆದು ತಯಾರಾಗಿದ್ದರು. ತಿಪಟೂರಿನಿಂದ ಬೆಂಗಳೂರು, ಅಲ್ಲಿಂದ ದೆಹಲಿ, ದೆಹಲಿಯಲ್ಲಿ ಒಂದು ರಾತ್ರಿ ಕುರ್ಚಿಯ ಮೇಲೆ, ಆಮೇಲೆ ಕಠ್ಮಂಡು. ಅಲ್ಲಿ ವೀಸಾ ಬರುವವರೆಗೆ ಮೂರು ದಿನ ಕಾಯಬೇಕಾಯಿತು. ಚೀನಾ ಇಂಥ ತಂಡಗಳಿಗೆ ಕೊಡುವುದು ಗುಂಪು ವೀಸಾ: ಒಂದೇ ಕಾಗದದಲ್ಲಿ ಎಲ್ಲರ ಹೆಸರು, ಒಟ್ಟಿಗೆ ಒಳಗೆ ಹೋಗಿ ಒಟ್ಟಿಗೆ ಹೊರಗೆ ಬರಬೇಕು. ಒಬ್ಬರಿಗೊಬ್ಬರು ಪರಿಚಯವಿಲ್ಲದ ನಲವತ್ತು ಜನ ಹಾಗೆ ಒಂದು ಕಾಗದಕ್ಕೆ ಕಟ್ಟುಬಿದ್ದರು. ಆಮೇಲೆ ಗುಡ್ಡ ಕುಸಿದ ರಸ್ತೆಯಲ್ಲಿ ಇಡೀ ದಿನ ಬಸ್ಸು, ಗಡಿಯಲ್ಲಿ ಸಾಲು, ಕೆರುಂಗ್‌ನಲ್ಲಿ ಎರಡು ರಾತ್ರಿ, ಮತ್ತೆ ಬಸ್ಸು.

ಸಾಗಾ ತಲುಪಿದ ರಾತ್ರಿ ದೊಡ್ಡಮ್ಮನಿಗೆ ಉಸಿರು ಕಟ್ಟಿತು. ಬೆರಳಿಗೆ ಹಾಕಿದ ಯಂತ್ರದಲ್ಲಿ ಅಂಕೆ ಇಳಿಯುತ್ತಲೇ ಹೋಯಿತು. ಸಿಲಿಂಡರ್ ಹಚ್ಚಿದರೂ ಅಷ್ಟಕ್ಕಷ್ಟೆ. ಈಗಲೇ ಕೆಳಗಿಳಿಸಬೇಕು, ಬೆಳಗಾಗುವವರೆಗೆ ಕಾಯುವುದು ಬೇಡ ಎಂದು ಮಾರ್ಗದರ್ಶಿ ಹೇಳಿದ. ಒಂದು ಜೀಪು ಗೊತ್ತುಮಾಡಿದರು. ಆಗ ಅವರ ರೂಮಿನಲ್ಲಿದ್ದ ಗದಗಿನ ಹೆಂಗಸು ತಮ್ಮ ಬ್ಯಾಗನ್ನೂ ಜೀಪಿಗೆ ಹಾಕಿದರು. ಹತ್ತು ದಿನದ ಹಿಂದೆ ಇವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

“ಬೇಡ ಕಣಮ್ಮ, ಇಷ್ಟು ದೂರ ಬಂದಿದೀಯ, ನೀನು ಹೋಗಿ ಬಾ” ಎಂದರಂತೆ ದೊಡ್ಡಮ್ಮ.

“ರಾತ್ರಿ ಪೂರಾ ನಿಮ್ಮ ಉಸಿರು ಕೇಳಕೋತ ಕುಂತೀನ್ರಿ ಅಕ್ಕಾರ. ಅದನ್ನ ಬಿಟ್ಟು ನಾ ಹೆಂಗ ಹೋಗ್ಲಿ?” ಎಂದರಂತೆ ಅವರು.

ಇಬ್ಬರೂ ಕೆರುಂಗ್‌ಗೆ ಇಳಿದರು. ಎರಡು ದಿನದಲ್ಲಿ ದೊಡ್ಡಮ್ಮ ಚೇತರಿಸಿಕೊಂಡರು. ಆದರೆ ವೀಸಾ ಗುಂಪಿನದು, ಗುಂಪು ಮರಳುವವರೆಗೆ ಗಡಿ ದಾಟುವ ಹಾಗಿಲ್ಲ. ಎಂಟು ದಿನ ಆ ಗಡಿಯೂರಿನ ಲಾಡ್ಜಿನಲ್ಲಿ ಕಿಟಕಿಯಾಚೆಯ ಮಳೆ ನೋಡುತ್ತ, ತಂದಿದ್ದ ಅವಲಕ್ಕಿ ಕಲಸಿ ತಿನ್ನುತ್ತ ಕಳೆದರು. ಗುಂಪು ಬಂತು, ಬಾಟಲಿಯಲ್ಲಿ ಸರೋವರದ ನೀರು ತಂದುಕೊಟ್ಟಿತು.

ಊರಿಗೆ ಬಂದ ಮೇಲೆ ಎರಡೂ ಪ್ರಶ್ನೆಗಳು ಬಂದವು. ಮೊದಲನೆಯದಕ್ಕೆ ಇಲ್ಲ ಎನ್ನಬೇಕಾಯಿತು. ಆಗ ಜನ ಸಮಾಧಾನಕ್ಕೆ ಹೇಳಿದ ಮಾತು ಒಂದೇ: ಅವನು ಕರೆಸಿಕೊಂಡರೆ ಮಾತ್ರ ಹೋಗಲು ಆಗುವುದು, ನಿಮಗೆ ಇನ್ನೂ ಕರೆ ಬಂದಿರಲಿಲ್ಲ.

ಈ ಮಾತನ್ನು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಹೇಳುವವರ ಭಕ್ತಿಯೂ ನಿಜ. ಆದರೆ ಅದರ ಇನ್ನೊಂದು ಮಗ್ಗುಲು ಕ್ರೂರವಾದದ್ದು. ತಲುಪಿದವರು ಕರೆಸಿಕೊಂಡವರು ಎಂದಾದರೆ ತಲುಪದವರು ಬೇಡವಾದವರು ಎಂದಾಗುತ್ತದೆ. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ ಎಂದು ಮುಂಚೆಯೇ ಹೇಳುವುದು ಕಷ್ಟ. ಗಟ್ಟಿಮುಟ್ಟಾದ ಯುವಕನನ್ನೂ ಅದು ಮಲಗಿಸುತ್ತದೆ. ಅದಕ್ಕೂ ಭಕ್ತಿಗೂ ಸಂಬಂಧವಿಲ್ಲ. ಆದರೂ ನಾವು ಶ್ವಾಸಕೋಶದ ಸೋಲಿಗೆ ಆತ್ಮದಲ್ಲಿ ಕಾರಣ ಹುಡುಕುತ್ತೇವೆ.

ಇದು ಹಳೆಯ ಚಾಳಿ. ಮಹಾಭಾರತದ ಮಹಾಪ್ರಸ್ಥಾನಿಕ ಪರ್ವದಲ್ಲಿ ಪಾಂಡವರು ದ್ರೌಪದಿಯೊಡನೆ ಹಿಮಾಲಯದತ್ತ ನಡೆಯುತ್ತಾರೆ. ಕುಮಾರವ್ಯಾಸ ಹತ್ತು ಪರ್ವಗಳಿಗೇ ನಿಲ್ಲಿಸಿದ್ದರಿಂದ ಕನ್ನಡದ ಗಮಕದಲ್ಲಿ ಈ ಭಾಗ ನಮಗೆ ಅಷ್ಟಾಗಿ ಕೇಳಿಸಿಲ್ಲ. ಅದೂ ಒಂದು ಗುಂಪುಯಾತ್ರೆಯೇ. ದಾರಿಯಲ್ಲಿ ಒಬ್ಬೊಬ್ಬರಾಗಿ ಬೀಳುತ್ತಾರೆ. ಬಿದ್ದಾಗಲೆಲ್ಲ ಭೀಮ ಯಾಕೆಂದು ಕೇಳುತ್ತಾನೆ, ಧರ್ಮರಾಯ ಅವರವರ ದೋಷವನ್ನು ಹೇಳುತ್ತಾನೆ. ದ್ರೌಪದಿಗೆ ಪಕ್ಷಪಾತವಿತ್ತು, ಸಹದೇವನಿಗೆ ಬುದ್ಧಿಯ ಗರ್ವ, ನಕುಲನಿಗೆ ರೂಪದ ಗರ್ವ. ಹೇಳಿ ಹಿಂದಿರುಗಿ ನೋಡದೆ ನಡೆಯುತ್ತಾನೆ. ಬಿದ್ದವರಿಗೆ ಕಾರಣ ಸಿಕ್ಕಿತು, ಕೈ ಸಿಗಲಿಲ್ಲ.

ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಕೊನೆಗೆ ಅವನ ಜೊತೆ ಉಳಿದದ್ದು ಒಂದು ನಾಯಿ. ಅದನ್ನು ಬಿಟ್ಟು ರಥ ಹತ್ತು ಎಂದು ಇಂದ್ರ ಹೇಳಿದಾಗ ಅವನು ಒಲ್ಲೆ ಎನ್ನುತ್ತಾನೆ. ಮುಂದೆ ಸ್ವರ್ಗದಲ್ಲಿ ತನ್ನವರು ಕಾಣದೆ ಹುಡುಕಿಹೋಗಿ, ನರಕದಲ್ಲಿ ಅವರ ದನಿ ಕೇಳಿ, ಇವರಿದ್ದ ಕಡೆಯೇ ನಾನೂ ಇರುತ್ತೇನೆ ಎನ್ನುತ್ತಾನೆ. ಇಡೀ ದಾರಿಯಲ್ಲಿ ಹಿಂದಿರುಗಿ ನೋಡದವನು ಕೊನೆಯಲ್ಲಿ ಹೋಗಿ ನಿಲ್ಲುವುದನ್ನು ಕಲಿತ. ಕಾವ್ಯ ಅವನನ್ನು ಪರೀಕ್ಷಿಸಿದ್ದು ಅವನು ಎಷ್ಟು ದೂರ ನಡೆದ ಎಂಬುದರಲ್ಲಲ್ಲ, ಯಾರ ಸಲುವಾಗಿ ನಿಂತ ಎಂಬುದರಲ್ಲಿ. ಗದಗಿನ ಆ ಹೆಂಗಸು ಅಷ್ಟು ದೂರ ಹೋಗುವವರೆಗೂ ಕಾಯಲಿಲ್ಲ, ಸಾಗಾದಲ್ಲೇ ನಿಂತರು.

ಇದು ಇಷ್ಟಕ್ಕೇ ಮುಗಿದಿದ್ದರೆ ಒಂದು ಒಳ್ಳೆಯ ನೀತಿಕಥೆಯಾಗುತ್ತಿತ್ತು. ಆದರೆ ದೊಡ್ಡಮ್ಮನ ಮನಸ್ಸಿನಲ್ಲಿ ಉಳಿದ ತೊಡಕು ಬೇರೆ. ಕೈಲಾಸ ಕಾಣಲಿಲ್ಲ ಎನ್ನುವುದನ್ನು ಅವರು ಹೇಗೋ ನುಂಗಿಕೊಂಡರು. ನನ್ನಿಂದ ಇನ್ನೊಬ್ಬಳಿಗೂ ತಪ್ಪಿತಲ್ಲ ಎನ್ನುವುದನ್ನು ನುಂಗಲಾಗಲಿಲ್ಲ. ಜೊತೆಗೆ ಅವರು ಇನ್ನೊಬ್ಬನ ಬಗ್ಗೆಯೂ ಹೇಳುತ್ತಾರೆ. ಜೀಪಿನ ಡ್ರೈವರ್. ಹಗಲೆಲ್ಲ ಗಾಡಿ ಓಡಿಸಿ ಬಂದು ಮಲಗಿದ್ದವನನ್ನು ಎಬ್ಬಿಸಿದ್ದರು. ನಿದ್ದೆ ಬಾರದಿರಲಿ ಎಂದು ಅವನು ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ಕಡಿಯುತ್ತ, ಸಿಪ್ಪೆ ಉಗುಳುತ್ತ, 5,000 ಮೀಟರ್ ದಾಟಿದ ಘಾಟಿಯ ತಿರುವುಗಳಲ್ಲಿ ಇವರನ್ನು ಇಳಿಸಿದ. ಬೆಳಗಾದ ಮೇಲೆ ಒಂದು ಲೋಟ ಚಹಾ ಕುಡಿದು ಅದೇ ದಾರಿಯಲ್ಲಿ ಮೇಲೆ ಹೋದ. ಅವನ ಹೆಸರು ಇವರಿಗೆ ಗೊತ್ತಿಲ್ಲ, ಭಾಷೆಯೂ ಬರುತ್ತಿರಲಿಲ್ಲ. “ಅವನು ಆ ದಾರೀಲಿ ವರ್ಷಕ್ಕೆ ಎಷ್ಟು ಸಲ ಹೋಗಿ ಬರ್ತಾನೋ. ಪುಣ್ಯ ಅನ್ನೋದು ಕಷ್ಟಕ್ಕೆ ಸಿಗೋದಾದ್ರೆ ಅವನ ಹತ್ರ ಎಷ್ಟಿರಬೇಕು ಹೇಳು” ಎಂದು ಒಮ್ಮೆ ಕೇಳಿದರು.

ನಾನು ಈ ಬರಹದಲ್ಲಿ ಕೇಳುತ್ತಿರುವುದು ಆ ಪ್ರಶ್ನೆಯನ್ನೇ. ಒಂದೇ ದಾರಿ, ಒಂದೇ ಚಳಿ, ಒಂದೇ ಗಾಳಿ. ಯಾತ್ರಿಕನ ದಣಿವು ತಪಸ್ಸು ಎನಿಸಿಕೊಳ್ಳುತ್ತದೆ, ಅವನ ಗಂಟು ಹೊತ್ತವನ ದಣಿವು ಕೂಲಿ ಎನಿಸಿಕೊಳ್ಳುತ್ತದೆ. ವ್ಯತ್ಯಾಸ ಸಂಕಲ್ಪದಲ್ಲಿದೆ ಎಂದು ಶಾಸ್ತ್ರ ಬಲ್ಲವರು ಹೇಳಬಹುದು. ಒಬ್ಬ ದೇವರಿಗಾಗಿ ನಡೆದ, ಇನ್ನೊಬ್ಬ ಹೊಟ್ಟೆಗಾಗಿ. ಒಪ್ಪೋಣ. ಹಾಗಾದರೆ ಬೆಲೆ ಇರುವುದು ಸಂಕಲ್ಪಕ್ಕೆ, ದಣಿವಿಗಲ್ಲ. ಗೀತೆಯ 17ನೇ ಅಧ್ಯಾಯವೂ ತಪಸ್ಸನ್ನು ಅಳೆಯುವುದು ನೋವಿನಿಂದಲ್ಲ. ಹೆಸರಿಗಾಗಿ, ಮೆರವಣಿಗೆಗಾಗಿ ಮಾಡಿದ್ದು ರಾಜಸ. ತನ್ನನ್ನು ಹಿಂಸಿಸಿಕೊಂಡೋ ಇನ್ನೊಬ್ಬರನ್ನು ಕೆಡಿಸಲೆಂದೋ ಮಾಡಿದ್ದು ತಾಮಸ ಎನ್ನುತ್ತದೆ. ಸಂಜೆಯಿಡೀ ಕಷ್ಟವನ್ನು ಬಣ್ಣಿಸುವ ನಮ್ಮ ರೂಢಿ ಇದರಲ್ಲಿ ಎಲ್ಲಿ ಕೂರುತ್ತದೆ ಎಂದು ಬೇರೆ ಹೇಳಬೇಕಿಲ್ಲ.

ಕನ್ನಡದ ಪ್ರವಾಸ ಕಥನಗಳು ನನ್ನ ಸಂಶೋಧನೆಯ ವಿಷಯ. ಯಾತ್ರೆಯ ಬರಹಗಳನ್ನು ಓದುವಾಗ ನಾನು ಕ್ರಿಯಾಪದಗಳನ್ನು ಗುರುತು ಹಾಕುತ್ತ ಹೋಗುತ್ತೇನೆ. ಬರೆಯುವವರು ತಮ್ಮ ಬಗ್ಗೆ ಹೇಳುವಾಗ ಕರ್ತೃ ಎದ್ದು ಕಾಣುತ್ತಾನೆ: ಹತ್ತಿದೆ, ಜಾರಿದೆ, ಸಾವರಿಸಿಕೊಂಡೆ. ಉಳಿದ ಕೆಲಸಗಳಿಗೆ ಕರ್ತೃವೇ ಇರುವುದಿಲ್ಲ: ಡೇರೆ ಸಿದ್ಧವಾಗಿತ್ತು, ಸಾಮಾನು ಮೇಲೆ ತಲುಪಿತ್ತು, ಬಿಸಿ ಚಹಾ ಬಂತು. ಡೇರೆ ತಾನಾಗಿ ಸಿದ್ಧವಾಗುವುದಿಲ್ಲ, ಚಹಾ ನಡೆದು ಬರುವುದಿಲ್ಲ. ಇದರಲ್ಲಿ ಯಾರದೂ ದುರುದ್ದೇಶವಿಲ್ಲ, ನಮ್ಮ ಭಾಷೆಯಲ್ಲಿ ಇಂಥ ವಾಕ್ಯ ಸಹಜವಾಗಿ ಬರುತ್ತದೆ. ಆದರೆ ಹಾಗೆ ಬಂದ ಪ್ರತಿಸಲವೂ ಒಬ್ಬರ ದಣಿವು ಲೆಕ್ಕದಿಂದ ಜಾರಿಹೋಗಿರುತ್ತದೆ.

1998ರ ಆಗಸ್ಟ್‌ನಲ್ಲಿ ಲಿಪುಲೇಖದ ದಾರಿಯ ಮಾಲ್ಪಾ ಎಂಬ ತಂಗುದಾಣದ ಮೇಲೆ ರಾತ್ರಿ ಗುಡ್ಡ ಕುಸಿಯಿತು. 60 ಮಂದಿ ಕೈಲಾಸ ಯಾತ್ರಿಕರು ಸತ್ತರು. ಹೆಸರಘಟ್ಟದ ಬಳಿ ನೃತ್ಯಗ್ರಾಮ ಕಟ್ಟಿದ ಪ್ರೊತಿಮಾ ಬೇಡಿ ಅವರಲ್ಲೊಬ್ಬರು, ಹಾಗಾಗಿ ನಮಗೆ ಆ ಸುದ್ದಿ ಹತ್ತಿರದ್ದಾಗಿತ್ತು. ಸತ್ತವರ ಒಟ್ಟು ಸಂಖ್ಯೆ ಮಾತ್ರ ಇನ್ನೂರಕ್ಕೂ ಹೆಚ್ಚು. ಉಳಿದವರಲ್ಲಿ ಹೊರೆಯಾಳುಗಳು, ಹೇಸರಗತ್ತೆಗಳನ್ನು ನಡೆಸುವವರು, ಆ ಊರಿನವರು ಇದ್ದರು. ಆದರೂ ಆ ದುರಂತ ನಮ್ಮ ನೆನಪಿನಲ್ಲಿ ಉಳಿದಿರುವುದು ಯಾತ್ರಿಕರ ದುರಂತವಾಗಿಯೇ. ಯಾತ್ರೆಗೆ ಹೋಗಿ ಸತ್ತವರಿಗೆ ಮೋಕ್ಷವಾಯಿತು ಎಂದು ಹೇಳಿದವರುಂಟು. ಅದೇ ಮಣ್ಣಿನಡಿ ಸತ್ತ ಹೊರೆಯಾಳಿಗೆ ಏನಾಯಿತು ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಇಲ್ಲಿ ಕನ್ನಡದವರಿಗೆ ಒಂದು ಸುಲಭದ ಉತ್ತರ ಕೈಗೆಟುಕುವಂತಿದೆ. ಕಾಯಕದಲ್ಲೇ ಕೈಲಾಸವನ್ನು ಕಂಡ ಆಯ್ದಕ್ಕಿ ಮಾರಯ್ಯನಂಥ ಶರಣರ ಪರಂಪರೆ ನಮ್ಮದು. ಹಾಗಾದರೆ ಆ ಹೊರೆಯಾಳು ಕೈಲಾಸದಲ್ಲೇ ಇದ್ದಾನೆ, ಯಾತ್ರಿಕ ಇನ್ನೂ ದಾರಿಯಲ್ಲಿದ್ದಾನೆ ಎಂದು ಹೇಳಿ ಮುಗಿಸಬಹುದು. ಕೇಳಲು ಚೆಂದ. ಆದರೆ ಆ ಮಾತನ್ನು ಶರಣರು ಹೇಳಿದ್ದು ತಮ್ಮ ದುಡಿಮೆಯ ಬಗ್ಗೆ. ಇನ್ನೊಬ್ಬರ ಬೆನ್ನಿನ ಮೇಲೆ ನಮ್ಮ ಗಂಟನ್ನಿಟ್ಟು, ಅದನ್ನು ಕಾಯಕವೆಂದು ಹೊಗಳಿ, ಕೂಲಿಯ ವಿಷಯಕ್ಕೆ ಬಂದಾಗ ಚೌಕಾಸಿ ಮಾಡುವುದು ಆ ಪರಂಪರೆಗೆ ಸಲ್ಲುವುದಿಲ್ಲ. ಹೊಗಳಿಕೆ ಅನೇಕ ಸಲ ಸಾಲ ತೀರಿಸದಿರುವ ಉಪಾಯವಾಗಿರುತ್ತದೆ.

ಹಾಗಾದರೆ ಯಾತ್ರೆಯನ್ನೇ ಬಿಡಬೇಕೇ? ನನ್ನಂಥವರಿಗೆ ಬಿಡಿ ಎನ್ನುವುದು ಸುಲಭ. ಲೈಬ್ರರಿಯ ಫ್ಯಾನಿನ ಕೆಳಗೆ ಕೂತು ಓದುವವನಿಗೆ ಬಿಡಲು ಏನೂ ಇಲ್ಲ. ಮೂವತ್ತೈದು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿ, ಒಂದು ಸಲ ಅಲ್ಲಿ ಹೋಗಿ ನಿಲ್ಲಬೇಕು ಎಂದುಕೊಂಡವರ ಆಸೆಯನ್ನು ತೂಗಲು ನನ್ನ ಹತ್ತಿರ ತಕ್ಕಡಿಯಿಲ್ಲ. ಯಾರೂ ಹೋಗದಿದ್ದರೆ ಆ ಡ್ರೈವರಿನ ಮನೆಯ ಒಲೆ ಹೇಗೆ ಉರಿಯುತ್ತದೆ ಎಂಬ ಪ್ರಶ್ನೆಯೂ ಇದೆ. ಇಸ್ಲಾಮಿನಲ್ಲಿ ಹಜ್ ಕಡ್ಡಾಯವಾಗಿರುವುದು ಮೈಯಲ್ಲಿ ಶಕ್ತಿ, ಕೈಯಲ್ಲಿ ಅನುಕೂಲ ಇದ್ದವರಿಗೆ ಮಾತ್ರ. ಆಗದವರ ಪರವಾಗಿ ಇನ್ನೊಬ್ಬರು ಹೋಗಿಬರುವ ಬದಲಿ ಹಜ್‌ಗೂ ಅಲ್ಲಿ ಅವಕಾಶವಿದೆ. ನಮ್ಮಲ್ಲೂ ಹೊರಟವರ ಕೈಗೆ ಒಂದು ನಾಣ್ಯ ಕೊಟ್ಟು, ನನ್ನ ಹೆಸರಲ್ಲೂ ಒಂದು ಮುಳುಗು ಹಾಕು ಎನ್ನುವ ಅಜ್ಜಿಯರಿದ್ದಾರೆ. ಒಬ್ಬರ ಶ್ರಮ ಇನ್ನೊಬ್ಬರಿಗೆ ಸಲ್ಲಬಹುದು ಎಂದು ಈ ರೂಢಿಗಳು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತವೆ. ನನಗೆ ಇಷ್ಟವಾಗುವುದು ಆ ಒಪ್ಪಿಗೆ. ನಾನೊಬ್ಬನೇ ನಡೆದೆ, ನನ್ನ ಕಷ್ಟದಿಂದ ನಾನೇ ಗಳಿಸಿದೆ ಎನ್ನುವ ಭ್ರಮೆ ಅದರಲ್ಲಿಲ್ಲ.

ದಣಿವಿಗೆ ತನ್ನಷ್ಟಕ್ಕೆ ಬೆಲೆಯಿಲ್ಲ ಎಂದು ಈಗ ನನಗೆ ಅನ್ನಿಸುತ್ತದೆ. ದಣಿದವರೆಲ್ಲ ಒಳ್ಳೆಯವರಾಗುವುದಿಲ್ಲ. ದಣಿದವರು ಸಿಡುಕುತ್ತಾರೆ, ಸೀಟಿಗಾಗಿ ಜಗಳವಾಡುತ್ತಾರೆ, ನಿಧಾನಕ್ಕೆ ನಡೆಯುವವರನ್ನು ಶಪಿಸುತ್ತಾರೆ. ಯಾವ ಗುಂಪುಯಾತ್ರೆಯ ಬಸ್ಸಿನಲ್ಲೂ ಇದನ್ನು ನೋಡಬಹುದು. ಆದರೆ ದಣಿವಿನಿಂದ ಒಂದು ಸಾಧ್ಯತೆ ಹುಟ್ಟುತ್ತದೆ. ಉಸಿರು ಸಾಲದೆ ಒದ್ದಾಡಿದವರಿಗೆ ಪಕ್ಕದವರ ಉಸಿರು ಕೇಳಿಸಬಹುದು. ಕೇಳಿಸಲೇಬೇಕೆಂದಿಲ್ಲ. ಆ ರಾತ್ರಿ ಸಾಗಾದಲ್ಲಿ ನಲವತ್ತು ಜನರಿಗೂ ತಲೆ ಸಿಡಿಯುತ್ತಿತ್ತು, ಕೇಳಿಸಿದ್ದು ಒಬ್ಬರಿಗೆ. ಉಳಿದವರನ್ನು ನಾನು ದೂರುತ್ತಿಲ್ಲ, ಅವರೂ ವರ್ಷಗಟ್ಟಲೆ ಕಾದು ಬಂದವರು. ಅವರು ತಂದ ನೀರು ಇವತ್ತಿಗೂ ದೊಡ್ಡಮ್ಮನ ದೇವರಮನೆಯಲ್ಲಿದೆ.

ಗದಗಿನವರಿಗೆ ಏನಾದರೂ ತೀರಿಸಬೇಕೆಂದು ದೊಡ್ಡಮ್ಮ ಎರಡು ಸಲ ಕೇಳಿದರು. ಇನ್ನೊಮ್ಮೆ ಹೋಗಿ, ಖರ್ಚು ನನ್ನದು ಎಂದೂ ಹೇಳಿದರು. ಅವರು ನಕ್ಕು ಮಾತು ಬೇರೆ ಕಡೆ ತಿರುಗಿಸಿದರು. ಡ್ರೈವರಿಗಂತೂ ಕೇಳುವ ದಾರಿಯೇ ಇಲ್ಲ. ಕೆಲವು ಸಾಲಗಳು ಹೀಗೇ ಉಳಿಯುತ್ತವೆ. ಅವನ್ನು ಪುಣ್ಯದ ಮಾತಿನಿಂದಾಗಲಿ ಹಣದಿಂದಾಗಲಿ ಚುಕ್ತಾ ಮಾಡಲು ಹೋಗದೆ, ಇದೆ ಎಂದು ಒಪ್ಪಿಕೊಂಡಿರುವುದೇ ಹೆಚ್ಚು ಪ್ರಾಮಾಣಿಕವೇನೋ. ಸಾಲ ನೆನಪಿರುವವರು ಮುಂದಿನ ಸಲ ಕೂಲಿ ಕೊಡುವಾಗ ಕೈ ಹಿಡಿಯುವುದಿಲ್ಲ, ಚಹಾ ತಂದವನ ಹೆಸರು ಕೇಳುತ್ತಾರೆ, ತಮ್ಮ ಯಾತ್ರೆಯ ಕಥೆಯಲ್ಲಿ ಅವನಿಗೂ ಒಂದು ಕ್ರಿಯಾಪದ ಕೊಡುತ್ತಾರೆ. ಇದರಿಂದ ಯಾರಿಗೆ ಎಷ್ಟು ಪುಣ್ಯ ಬರುತ್ತದೋ ನಾನು ಹೇಳಲಾರೆ. ಹೊರೆ ಹೊತ್ತವನ ಬೆನ್ನಿಗೆ ಮಾತ್ರ ಸ್ವಲ್ಪ ಹಗುರವಾದೀತು.